ನಮ್ಮ ಹೊಟ್ಟೆಯ ಹಳೇ ಲೆಕ್ಕ: ಪುಣೆಯಿಂದ ಮೈಸೂರಿನವರೆಗೆ

ಇವತ್ತಿನ ಮಾತು ಹೊಟ್ಟೆಯ ಬಗ್ಗೆ. ಏನು ತಿನ್ನಬೇಕು, ಎಷ್ಟು ನಡೀಬೇಕು ಅಂತ ಹೇಳೋಕೆ ನಾನು ಡಾಕ್ಟರಲ್ಲ. ಅದನ್ನ ಹೇಳೋರು ನಿಮ್ಮ ವಾಟ್ಸಾಪ್‌ನಲ್ಲೇ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳೋದು ಇತಿಹಾಸ. ಹಿಂಜವಡಿಯಿಂದ ಖರಾಡಿವರೆಗೆ ಕೆಲಸ ಮಾಡೋ ನಮ್ಮವರು ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ರಿಪೋರ್ಟ್ ಹಿಡ್ಕೊಂಡು ಒಳಗೊಳಗೇ ನಾಚಿಕೊಳ್ತಾರಲ್ಲ, ಆ ನಾಚಿಕೆಯ ಹಿಂದೆ ಒಂದು ಉದ್ದನೆಯ ಕಥೆ ಇದೆ. ಅದರ ದೊಡ್ಡ ಅಧ್ಯಾಯ ನಡೆದದ್ದು ಇದೇ ಊರಲ್ಲಿ, ರಾಸ್ತಾ ಪೇಠದ ಕೆಇಎಂ ಆಸ್ಪತ್ರೆಯಲ್ಲಿ.

2004ರಲ್ಲಿ ‘ಲ್ಯಾನ್ಸೆಟ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಇಬ್ಬರು ಡಾಕ್ಟರು ಅಕ್ಕಪಕ್ಕ ನಿಂತಿದ್ದಾರೆ. ಒಬ್ಬರು ಕೆಇಎಂನ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಅಂದರೆ ರಿಪೋರ್ಟಿನಲ್ಲಿ ಇಬ್ಬರಿಗೂ ‘ನಾರ್ಮಲ್’. ಆದರೆ ಮೈಯಲ್ಲಿರೋ ಕೊಬ್ಬನ್ನ ಅಳೆದು ನೋಡಿದರೆ ಯುಡ್ಕಿನ್ ಅವರಿಗೆ 9.1 ಶೇಕಡಾ, ಯಾಜ್ಞಿಕ್ ಅವರಿಗೆ 21.2. ಎರಡು ಪಟ್ಟಿಗೂ ಹೆಚ್ಚು! ಇಬ್ಬರ ಹೆಸರಿನ ಮೊದಲಕ್ಷರ ಇಂಗ್ಲಿಷಿನಲ್ಲಿ ಒಂದೇ ಆದ್ದರಿಂದ ಇದಕ್ಕೆ ‘ವೈ-ವೈ ಪ್ಯಾರಡಾಕ್ಸ್’ ಅಂತ ಹೆಸರು ಬಿತ್ತು. ತನ್ನ ಮೈಯನ್ನೇ ಉದಾಹರಣೆಯಾಗಿ ಜಗತ್ತಿನ ಮುಂದೆ ಇಟ್ಟ ಡಾಕ್ಟರ ಬಗ್ಗೆ ನನಗಂತೂ ಬಹಳ ಗೌರವ.

ಈ ಬಿಎಂಐ ಬಂದದ್ದಾದರೂ ಎಲ್ಲಿಂದ? 1830ರ ದಶಕದಲ್ಲಿ ಬೆಲ್ಜಿಯಂನ ಖಗೋಳ ಮತ್ತು ಗಣಿತ ತಜ್ಞ ಅಡಾಲ್ಫ್ ಕೆಟ್ಲೆ, ದೊಡ್ಡವರ ತೂಕ ಸುಮಾರಾಗಿ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತೆ ಅಂತ ಲೆಕ್ಕ ಹಾಕಿದ. ಅವನಿಗೆ ಬೇಕಾಗಿದ್ದದ್ದು ‘ಸರಾಸರಿ ಮನುಷ್ಯ’, ಬೊಜ್ಜಿನ ಚಿಂತೆ ಅವನಿಗಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದೇ ಲೆಕ್ಕವನ್ನ ಎತ್ತಿಕೊಂಡು ‘ಬಾಡಿ ಮಾಸ್ ಇಂಡೆಕ್ಸ್’ ಅಂತ ಹೆಸರಿಟ್ಟರು. ಐದು ದೇಶಗಳ 7,400ಕ್ಕೂ ಹೆಚ್ಚು ಗಂಡಸರ ಅಳತೆ ಅವರ ಹತ್ತಿರ ಇತ್ತು. ಅದರಲ್ಲಿ ಹೆಂಗಸರು ಇರಲಿಲ್ಲ, ಭಾರತದವರೂ ಇರಲಿಲ್ಲ. ನಮ್ಮ ಮೈಗೆ ಹೊಲಿಯದೇ ಇದ್ದ ಅಂಗಿಯನ್ನ ನಮಗೆ ತೊಡಿಸಿದ ಹಾಗೆ ಆಯ್ತು ಇದು.

ಹಾಗಾದರೆ ಯಾಜ್ಞಿಕ್ ಅವರ ಮೈಯಲ್ಲಿ ಆ ಕೊಬ್ಬು ಯಾಕೆ ಬಂತು? ಸೋಮಾರಿತನದಿಂದ, ವಡಾಪಾವ್‌ನಿಂದ ಅಂತ ಹೇಳಿಬಿಡೋದು ಸುಲಭ. ಅವರ ತಂಡ ಹುಡುಕಿಕೊಂಡು ಹೋಗಿದ್ದು ಮಾತ್ರ ತೊಟ್ಟಿಲ ಹತ್ತಿರ. 1993ರಲ್ಲಿ ಪುಣೆ ಸುತ್ತಲಿನ ಆರು ಹಳ್ಳಿಗಳಲ್ಲಿ ಒಂದು ಅಧ್ಯಯನ ಶುರುವಾಯ್ತು, ಪುಣೆ ಮೆಟರ್ನಲ್ ನ್ಯೂಟ್ರಿಷನ್ ಸ್ಟಡಿ ಅಂತ. ಹೊಲದಲ್ಲಿ ದುಡಿಯೋ ಹೆಂಗಸರನ್ನ ಗರ್ಭ ಧರಿಸೋಕೆ ಮುಂಚಿನಿಂದಲೇ ತೂಗಿ, ಅಳೆದು, ಊಟದ ಲೆಕ್ಕ ಬರೆದಿಟ್ಟರು. ಸರಾಸರಿ ತೂಕ 42 ಕಿಲೋ, ಎತ್ತರ 152 ಸೆಂಟಿಮೀಟರ್. ಗರ್ಭಿಣಿಯಾದಾಗಲೂ ದಿನದ ಊಟ 1,800 ಕ್ಯಾಲೊರಿ ಮುಟ್ಟುತ್ತಿರಲಿಲ್ಲ, ಪ್ರೋಟೀನ್ 45 ಗ್ರಾಂ ಆಸುಪಾಸು.

ಅವರಿಗೆ ಹುಟ್ಟಿದ ಮಕ್ಕಳ ಸರಾಸರಿ ತೂಕ ಸುಮಾರು 2.7 ಕಿಲೋ. ಹೋಲಿಕೆಗೆ ತಗೊಂಡ ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳದ್ದು 3.5. ಪುಣೆಯ ಮಕ್ಕಳಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಅಂಗಗಳು ಸಣ್ಣವು. ಆದರೆ ಭುಜದ ಹಿಂದೆ ಚರ್ಮ ಚಿವುಟಿ ಅಳೆದರೆ ಅಲ್ಲಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಆಗಿರಲಿಲ್ಲ. ತಾಯಿ ಹೊಟ್ಟೆಯಲ್ಲಿ ಸಿಕ್ಕ ಅಷ್ಟಿಷ್ಟರಲ್ಲಿ ಮಗು ಸ್ನಾಯುವನ್ನ ಬಿಟ್ಟುಕೊಟ್ಟು ಕೊಬ್ಬನ್ನ ಉಳಿಸಿಕೊಂಡಿತ್ತು. 2003ರಲ್ಲಿ ಪ್ರಕಟವಾದ ಲೇಖನದಲ್ಲಿ ಇಂಥ ಕೂಸಿಗೆ ‘ಥಿನ್-ಫ್ಯಾಟ್’ ಅಂದರು. ತೆಳ್ಳಗಿನ ದಪ್ಪ ಮಗು ಅಂತ ಇಟ್ಕೊಳ್ಳಿ.

ಈ ಕಥೆಗೆ ಮೈಸೂರಿನ ಕೊಂಡಿಯೂ ಇದೆ, ಅದನ್ನ ನಮ್ಮವರು ಅಷ್ಟಾಗಿ ಹೇಳಿಕೊಳ್ಳೋದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ಥ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನ ರಿಜಿಸ್ಟರಿನಲ್ಲಿ ಬರೆದಿಟ್ಟಿತ್ತು. ನಮ್ಮ ದೇಶದಲ್ಲಿ ಇಷ್ಟು ಹಳೆಯ ಇಂಥ ದಾಖಲೆ ಸಿಗೋದು ಅಪರೂಪ. 1990ರ ದಶಕದಲ್ಲಿ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು ಆ ಮಕ್ಕಳನ್ನ, ಅಂದರೆ ಅಷ್ಟೊತ್ತಿಗೆ ಅಜ್ಜ ಅಜ್ಜಿ ಆಗಿದ್ದವರನ್ನ, ಊರಲ್ಲೆಲ್ಲ ಹುಡುಕಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಆದರೆ ಡಯಾಬಿಟಿಸ್ ಜಾಸ್ತಿ ಇದ್ದದ್ದು ಹುಟ್ಟುವಾಗ ಗಿಡ್ಡಗೆ ಗುಂಡಗೆ ಇದ್ದವರಲ್ಲಿ, ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಸಣ್ಣ ಮಗು ಕೆಟ್ಟದ್ದು, ದೊಡ್ಡ ಮಗು ಒಳ್ಳೇದು ಅಂತ ಒಂದೇ ಸಾಲಿನಲ್ಲಿ ಮುಗಿಸೋಕೆ ಮೈಸೂರು ಬಿಡಲಿಲ್ಲ.

ಇಲ್ಲಿಂದ ಇನ್ನೂ ಹಿಂದಕ್ಕೆ ಹೋಗಬೇಕು. 42 ಕಿಲೋ ತೂಗೋ ತಾಯಿಯ ತಾಯಿ, ಅವಳ ತಾಯಿ ಏನು ಉಂಡಿದ್ದಳು? 1876–78, ಪಂಚಾಂಗದಲ್ಲಿ ಧಾತು ಮತ್ತು ಈಶ್ವರ ಸಂವತ್ಸರ. ಮಳೆ ಕೈಕೊಟ್ಟು ಪುಣೆ, ಸೊಲ್ಲಾಪುರ, ಕಲಾದಗಿ, ಬಳ್ಳಾರಿ, ಇಡೀ ಮೈಸೂರು ಸಂಸ್ಥಾನ ಬರಕ್ಕೆ ಸಿಕ್ಕಿದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷ. ಬರ ಪರಿಹಾರದ ಕೆಲಸಕ್ಕೆ ಬಂದವರಿಗೆ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ದಿನಕ್ಕೆ ಒಂದು ಪೌಂಡ್, ಅಂದರೆ 450 ಗ್ರಾಂ ಧಾನ್ಯ ಸಾಕು ಅಂತ ಕೂಲಿ ಇಳಿಸಿದ. ಮಣ್ಣು ಹೊತ್ತು, ಕಲ್ಲು ಒಡೆಯೋರಿಗೆ! ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನ ಬಲವಾಗಿ ವಿರೋಧಿಸಿದ. ಈ ಕಡೆ ಪುಣೆ ಸಾರ್ವಜನಿಕ ಸಭೆ ಸರ್ಕಾರಕ್ಕೆ ಅರ್ಜಿ ಮೇಲೆ ಅರ್ಜಿ ಬರೆಯಿತು.

ಆ ಬರಕ್ಕೂ ನಿಮ್ಮ ಸೊಂಟದ ಸುತ್ತಳತೆಗೂ ನೇರವಾಗಿ ಗೆರೆ ಎಳೆಯೋಕೆ ಆಗಲ್ಲ, ನಾನೂ ಎಳೀತಾ ಇಲ್ಲ. ತಲೆಮಾರುಗಳ ಹಸಿವು ಮೈಯಲ್ಲಿ ಗುರುತು ಬಿಡಬಹುದು ಅನ್ನೋದು ವಿಜ್ಞಾನಿಗಳ ಊಹೆ. ಯಾಜ್ಞಿಕ್ ಅವರೂ ಇದ್ದ ಒಂದು ತಂಡ 2015ರಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಯೋಗ ಪ್ರಕಟಿಸಿತು. ಐವತ್ತು ತಲೆಮಾರು ಅರೆಹೊಟ್ಟೆಯಲ್ಲಿ ಬೆಳೆಸಿದ ಇಲಿಗಳಿಗೆ ಎರಡು ತಲೆಮಾರು ಹೊಟ್ಟೆ ತುಂಬಾ ಕೊಟ್ಟರೂ ಅವುಗಳ ಇನ್ಸುಲಿನ್ ಲೆಕ್ಕ ಸರಿಹೋಗಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಹೊಟ್ಟೆ ತುಂಬಾ ಉಂಡ ಎರಡನೇ ತಲೆಮಾರಿನವರು, ಅಲ್ವಾ?

ಹಸಿವು ಮನಸ್ಸಿಗೆ ಏನು ಮಾಡುತ್ತೆ ಅನ್ನೋದನ್ನ ಅಳೆದವರು ಅದೇ ಬಿಎಂಐನ ಕೀಸ್. 1944–45ರಲ್ಲಿ ಮಿನೆಸೋಟದಲ್ಲಿ ಯುದ್ಧಕ್ಕೆ ಹೋಗಲ್ಲ ಅಂದಿದ್ದ 36 ಯುವಕರು ಸ್ವಂತ ಇಚ್ಛೆಯಿಂದ ಆರು ತಿಂಗಳು ಅರೆಹೊಟ್ಟೆ ಇದ್ದರು, ದಿನಕ್ಕೆ ಸುಮಾರು 1,570 ಕ್ಯಾಲೊರಿ. ಮೈಕಟ್ಟು ಬೇರೆ, ದುಡಿಮೆ ಬೇರೆ, ಆದರೂ ಪುಣೆ ಹಳ್ಳಿಯ ಬಸುರಿಯ ಊಟ ಈ ಅಂಕಿಯಿಂದ ಬಹಳ ದೂರ ಇರಲಿಲ್ಲ ಅನ್ನೋದನ್ನ ಗಮನಿಸಿ. ಆ ಹುಡುಗರ ತೂಕ ಕಾಲು ಭಾಗ ಇಳಿಯಿತು. ಅವರು ಮಂಕಾದರು, ಸಿಡುಕಿದರು, ಅಡುಗೆ ಪುಸ್ತಕಗಳನ್ನ ಕಾದಂಬರಿ ಥರ ಓದಿದರು. ಆಮೇಲೆ ಊಟ ಸಿಕ್ಕಾಗ ಎಷ್ಟು ತಿಂದರೂ ತೃಪ್ತಿ ಇಲ್ಲ. ಸ್ನಾಯು ನಿಧಾನಕ್ಕೆ ಬಂತು, ಕೊಬ್ಬು ಮೊದಲಿಗಿಂತ ಜಾಸ್ತಿ ಬಂತು. ಮನಸ್ಸು ಗಟ್ಟಿ ಇದ್ದರೆ ತೂಕ ಇಳಿಸಬಹುದು ಅನ್ನೋರು ಈ ಹುಡುಗರನ್ನ ನೆನೆಸಿಕೊಳ್ಳಲಿ. ತತ್ವಕ್ಕಾಗಿ ಸರ್ಕಾರವನ್ನೇ ಎದುರು ಹಾಕಿಕೊಂಡವರು ಅವರು, ಮನಸ್ಸು ಗಟ್ಟಿ ಇರಲಿಲ್ಲ ಅನ್ನೋಕೆ ಆಗಲ್ಲ.

ಬರ ಕಂಡ ನಾಡಿನಲ್ಲಿ ಮೈ ತುಂಬಿಕೊಳ್ಳೋದು ಸಂತೋಷದ ಸುದ್ದಿ. ಊರಿಂದ ಅತ್ತೆ ಬಂದರೆ ಮೊದಲ ಮಾತು ‘ಯಾಕೋ ಸೊರಗಿದೀಯಲ್ಲೋ’. ಮರಾಠಿಯಲ್ಲೂ ‘ತಬ್ಯೇತ್ ಸುಧಾರಲಿ’ ಅಂದರೆ ಎಷ್ಟೋ ಸಲ ದಪ್ಪ ಆಗಿದೀಯ ಅಂತಲೇ ಅರ್ಥ. ಅದೇ ಹೊತ್ತಿಗೆ ಸಿನಿಮಾ ಇನ್ನೊಂದು ಪಾಠ ಕಲಿಸಿತು. 1947ರ ‘ದರ್ದ್’ ಚಿತ್ರದ ಹಾಡಿನಿಂದ ಹೆಸರಾದ ಗಾಯಕಿ ಉಮಾದೇವಿ, 1950ರ ‘ಬಾಬುಲ್’ನಿಂದ ಟುನ್ ಟುನ್ ಆಗಿ ನಗಿಸೋ ನಟಿಯಾದರು. ಆಮೇಲೆ ಶಾಲೆಗಳಲ್ಲಿ ದಪ್ಪ ಹುಡುಗಿಯರಿಗೆಲ್ಲ ಆ ಹೆಸರೇ ಬಿತ್ತು. ಹೀಗಾಗಿ ನಮ್ಮ ತಲೆಮಾರಿಗೆ ಎರಡೂ ಕಡೆಯಿಂದ ಏಟು: ಮನೆಯಲ್ಲಿ ‘ಇನ್ನೊಂದು ರೊಟ್ಟಿ ಹಾಕ್ಕೋ’, ಹೊರಗೆ ‘ಏ ಡುಮ್ಮ’.

ಐಟಿ ಇದಕ್ಕೆ ಲೀಡರ್‌ಬೋರ್ಡ್ ಸೇರಿಸಿತು. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ತೂಕ ಇಳಿಸೋ ಸ್ಪರ್ಧೆ ಇಟ್ಟು, ಎಲ್ಲರ ತೂಕವನ್ನ ಕ್ಯಾಂಟೀನ್ ಬಾಗಿಲಲ್ಲಿ ಅಂಟಿಸಿದ್ದರು. ನಮ್ಮ ಟೀಮಿನ ಧಾರವಾಡದ ಒಬ್ಬಳು ಹುಡುಗಿ ಆ ತಿಂಗಳು ಪೂರ್ತಿ ಕ್ಯಾಂಟೀನಿಗೇ ಬರಲಿಲ್ಲ. ಡಬ್ಬಿ ತಗೊಂಡು ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು. ಹೀಯಾಳಿಸಿದರೆ ತೂಕ ಇಳಿಯುತ್ತೆ ಅನ್ನೋ ನಂಬಿಕೆಯನ್ನ ಸಂಶೋಧನೆಗಳು ಸುಳ್ಳು ಮಾಡಿವೆ. ಅವಮಾನ ಉಂಡವರು ಜಾಸ್ತಿ ತಿನ್ನೋದು, ಜಿಮ್ಮಿಗೆ ಹೋಗೋಕೆ ಹಿಂಜರಿಯೋದು, ಡಾಕ್ಟರ ಹತ್ತಿರ ಹೋಗೋದನ್ನ ಮುಂದೂಡೋದು ಮತ್ತೆ ಮತ್ತೆ ಕಂಡುಬಂದಿದೆ. ಅದೇ ಪಟ್ಟಿಯಲ್ಲಿ ‘ಫಿಟ್’ ಅಂತ ಚಪ್ಪಾಳೆ ಗಿಟ್ಟಿಸಿದ ತೆಳ್ಳನೆಯವರೂ ಇದ್ದರು. ವೈ-ವೈ ಫೋಟೋ ನೋಡಿದ ಮೇಲೆ ಆ ಚಪ್ಪಾಳೆಯ ಮೇಲೆ ನನಗೆ ನಂಬಿಕೆ ಇಲ್ಲ. ಸಕ್ಕರೆ ಕಾಯಿಲೆ ಇದ್ದೂ ಗೊತ್ತಿಲ್ಲದೇ ಇರೋರು ಇಂಥವರಲ್ಲೇ ಇರಬಹುದು, ಯಾಕಂದ್ರೆ ಇವರನ್ನ ಯಾರೂ ಪರೀಕ್ಷೆ ಮಾಡಿಸಿಕೋ ಅನ್ನೋದೇ ಇಲ್ಲ.

2009ರಲ್ಲಿ ಭಾರತದ ತಜ್ಞರು ನಮಗಾಗಿ ಗೆರೆ ಕೆಳಗಿಳಿಸಿದರು. ಬಿಎಂಐ 23ರಿಂದಲೇ ತೂಕ ಹೆಚ್ಚು, 25ರಿಂದ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ದರ್ಜಿಯ ಟೇಪು ಸಾಕು ಇದಕ್ಕೆ, ಯಾರ ಬಾಗಿಲಿಗೂ ಅಂಟಿಸಬೇಕಾಗಿಲ್ಲ.

ಇನ್ನು ಆ ಆರು ಹಳ್ಳಿಗಳ ಮಕ್ಕಳು. ಹಸಿರು ಸೊಪ್ಪು, ಹಾಲು, ಹಣ್ಣು ಹೆಚ್ಚು ತಿಂದ ತಾಯಂದಿರ ಮಕ್ಕಳು ಹುಟ್ಟುವಾಗ ಸ್ವಲ್ಪ ದೊಡ್ಡದಾಗಿದ್ದರು ಅನ್ನೋದು ಮೊದಲೇ ಕಂಡಿತ್ತು. ತಾಯಂದಿರಲ್ಲಿ ಬಿ12 ಕೊರತೆ ವಿಪರೀತ ಇತ್ತು ಅನ್ನೋದೂ ಗೊತ್ತಾಗಿತ್ತು. ಹಾಗಾಗಿ ಆ ಮಕ್ಕಳು ಹದಿಹರೆಯಕ್ಕೆ ಬಂದಾಗ, 2012ರಲ್ಲಿ, ‘ಪ್ರಿಯಾ’ ಅನ್ನೋ ಹೊಸ ಪ್ರಯೋಗ ಶುರುವಾಯ್ತು. ಹುಡುಗ ಹುಡುಗಿಯರಿಬ್ಬರಿಗೂ, ಅವರು ತಂದೆ ತಾಯಿ ಆಗೋಕೆ ವರ್ಷಗಳ ಮುಂಚೆಯೇ, ದಿನಕ್ಕೆ 2 ಮೈಕ್ರೋಗ್ರಾಂ ಬಿ12 ಮಾತ್ರೆ. ಕೆಲವರಿಗೆ ಜೊತೆಗೆ ಬೇರೆ ಪೋಷಕಾಂಶ, ಹೋಲಿಕೆಗೆ ಇಟ್ಟವರಿಗೆ ಬರೀ ಖಾಲಿ ಮಾತ್ರೆ. 1990ರ ದಶಕದಲ್ಲಿ ತಕ್ಕಡಿ ಮೇಲೆ ಮಲಗಿದ್ದ ಕೂಸುಗಳು ಆಮೇಲೆ ತಾಯಂದಿರಾದರು, ಅವರ ಮಕ್ಕಳನ್ನೂ ಅದೇ ಕೆಇಎಂ ತಂಡ ತೂಗಿತು.