ಕಿವಿರಿನ ಮೃದ್ವಸ್ಥಿ ಮತ್ತು ಬೆಳವಣಿಗೆಯ ಹಾರ್ಮೋನು: ಒಂದು ಅಳತೆಯ ಚರಿತ್ರೆ

ಮೀನಿನ ಮೃದ್ವಸ್ಥಿಯ ಬೆಳವಣಿಗೆಯನ್ನು ಯಾವ ಹಾರ್ಮೋನು ನಡೆಸುತ್ತದೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳು ಬಹುಮಟ್ಟಿಗೆ ಒಂದೇ ಅಳತೆಯನ್ನು ನೆಚ್ಚಿವೆ. ಆ ಅಳತೆ ರೂಪುಗೊಂಡದ್ದು ಇಲಿಯ ಮೇಲೆ.

1957ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಸಾಲ್ಮನ್ ಮತ್ತು ಡಾಹಡೇ, ಪಿಟ್ಯುಟರಿ ಗ್ರಂಥಿ ತೆಗೆದ ಇಲಿಗಳ ಮೃದ್ವಸ್ಥಿಯನ್ನು ವಿಕಿರಣಶೀಲ ಗಂಧಕವಿದ್ದ ದ್ರವದಲ್ಲಿಟ್ಟು ನೋಡಿದರು. ಮೃದ್ವಸ್ಥಿಯ ಅಂತರಕೋಶ ದ್ರವ್ಯದಲ್ಲಿ ಕಾಂಡ್ರಾಯಿಟಿನ್ ಸಲ್ಫೇಟ್ ಹೇರಳ; ಹೀರಿಕೊಂಡ ಗಂಧಕವೇ ಹೊಸದಾಗಿ ಕಟ್ಟಿದ ದ್ರವ್ಯದ ಲೆಕ್ಕ. ಬೆಳವಣಿಗೆಯ ಹಾರ್ಮೋನನ್ನು ನೇರವಾಗಿ ಬೆರೆಸಿದರೆ ಹೇಳಿಕೊಳ್ಳುವಂಥ ಫಲವಿಲ್ಲ. ಸಹಜ ಇಲಿಯ ಸೀರಂ ಬೆರೆಸಿದರೆ ಹೀರುವಿಕೆ ಏರಿತು. ಹಾಗಾದರೆ ನಡುವೆ ಮತ್ತೊಂದು ವಸ್ತು ಇರಲೇಬೇಕು. 1972ರಲ್ಲಿ ಅದಕ್ಕೆ ಸೊಮಾಟೊಮೆಡಿನ್ ಎಂಬ ಹೆಸರು ಬಂತು. 1978ರಲ್ಲಿ ರಿಂಡರ್‌ಕ್ನೆಕ್ಟ್ ಮತ್ತು ಹುಂಬೆಲ್ ರಚನೆ ಬಿಡಿಸಿದ ಮೇಲೆ ಐಜಿಎಫ್ (ಇನ್ಸುಲಿನ್‌ನಂಥ ಬೆಳವಣಿಗೆಯ ಅಂಶ) ಎಂದೇ ರೂಢಿಯಾಯಿತು.

ಮೀನಿನ ಕಡೆಯ ಕೆಲಸ ಅಷ್ಟರಲ್ಲೇ ಶುರುವಾಗಿತ್ತು. ಯೇಲ್ ವಿಶ್ವವಿದ್ಯಾಲಯದ ಗ್ರೇಸ್ ಪಿಕ್‌ಫರ್ಡ್ ಕಿಲ್ಲಿಮೀನಿನ ಪಿಟ್ಯುಟರಿ ತೆಗೆದು, ಹಾರ್ಮೋನು ಚುಚ್ಚಿದರೆ ನಿಂತ ಬೆಳವಣಿಗೆ ಮರಳುತ್ತದೆಂದು ತೋರಿಸಿದ್ದರು. ಆದರೆ ಅವರು ನೋಡಿದ್ದು ಇಡೀ ಮೀನನ್ನು. ಗಂಧಕದ ಅಳತೆಯನ್ನು ಟ್ರೌಟ್ ಮೀನಿನ ಕಿವಿರಿನ ಕಮಾನುಗಳಿಗೆ ಅನ್ವಯಿಸಿ ಥೈರಾಕ್ಸಿನ್‌ನ ಪ್ರಭಾವವನ್ನು ಪರಿಶೀಲಿಸಿದವರು ಬ್ಯಾರಿಂಗ್ಟನ್ ಮತ್ತು ರಾಡನ್, 1967ರಲ್ಲಿ. ಕಿವಿರಿನ ಆಯ್ಕೆ ಜಾಣತನದ್ದು: ಒಂದೇ ಮೀನಿನ ಎಡಬಲದ ಕಮಾನುಗಳಿಂದ ಹೋಲಿಸಬಹುದಾದ ಹಲವು ತುಂಡುಗಳು ದೊರೆಯುತ್ತವೆ.

1990ರಲ್ಲಿ ಡುವಾನ್ ಮತ್ತು ಹಿರಾನೊ ಜಪಾನಿನ ಹಾವುಮೀನಿನ ಕಿವಿರಿನ ಮೃದ್ವಸ್ಥಿಗೆ ಸಸ್ತನಿಗಳ ಐಜಿಎಫ್ ಬೆರೆಸಿದಾಗ ಗಂಧಕದ ಹೀರುವಿಕೆ ಹೆಚ್ಚಿತು. 1992ರಲ್ಲಿ ಮೆಕಾರ್ಮಿಕ್ ಮತ್ತು ಸಂಗಡಿಗರು ಕೋಹೋ ಸಾಲ್ಮನ್ ಮೀನಿನಲ್ಲೂ ಐಜಿಎಫ್-1ರ ಇದೇ ಪಾತ್ರವನ್ನು ಕಂಡರು. ಬೆಳವಣಿಗೆಯ ಹಾರ್ಮೋನನ್ನಾದರೋ ಮೀನಿಗೆ ಚುಚ್ಚಿದರೆ ಫಲ, ತಟ್ಟೆಗೆ ಸುರಿದರೆ ಇಲ್ಲ. ಇಲಿಯ ಕಥೆಯೇ ಮೀನಿನಲ್ಲೂ ಮರುಕಳಿಸಿತು.

ಈ ಮರುಕಳಿಕೆಯನ್ನು ನಾನು ಪೂರ್ತಿ ನೆಚ್ಚಲಾರೆ. ಅಳತೆಯೂ ಅದೇ ಆದಾಗ ಉತ್ತರಗಳು ಹೊಂದಿದ್ದರಲ್ಲಿ ಅಚ್ಚರಿಯೇನು? ಗಂಧಕ ತೋರಿಸುವುದು ದ್ರವ್ಯ ಕಟ್ಟುವುದನ್ನು. ಕೋಶಗಳು ಹೆಚ್ಚಿದವೇ ಎಂಬುದಕ್ಕೆ, ಡಿಎನ್‌ಎ ಕಟ್ಟುವುದನ್ನು ತೋರಿಸುವ ಥೈಮಿಡಿನ್‌ನಂಥ ಬೇರೆ ಗುರುತು ಬೇಕು. ಮೇಲಾಗಿ, 1982ರಲ್ಲೇ ಇಸಾಕ್ಸನ್ ಗುಂಪು ಇಲಿಯ ಕಾಲೆಲುಬಿನ ಬೆಳವಣಿಗೆಯ ಫಲಕಕ್ಕೆ ಹಾರ್ಮೋನನ್ನು ನೇರವಾಗಿ ಚುಚ್ಚಿ, ಅಲ್ಲಿಯೇ ಬೆಳವಣಿಗೆ ಚುರುಕಾದುದನ್ನು ತೋರಿಸಿತ್ತು. 1999ರಲ್ಲಿ ಯಕೃತ್ತಿನ ಐಜಿಎಫ್-1 ವಂಶವಾಹಿಯನ್ನು ಮಾತ್ರ ಅಳಿಸಿದ ಇಲಿಗಳು, ರಕ್ತದಲ್ಲಿ ಅದು ತೀರ ಇಳಿದರೂ, ಹೆಚ್ಚುಕಡಿಮೆ ಸಹಜವಾಗಿಯೇ ಬೆಳೆದವು. ಅಂದರೆ ರಕ್ತಕ್ಕೆ ಐಜಿಎಫ್-1 ಒದಗಿಸುವ ಯಕೃತ್ತೇ ಏಕೈಕ ಮಧ್ಯವರ್ತಿಯಲ್ಲ.

ಮೀನುಗಳಲ್ಲಿ ಈ ಅಳತೆಗೆ ಇನ್ನೊಂದು ತೊಡಕಿದೆ. ಕೆನಡಾದ ಡೆವ್ಲಿನ್ ಗುಂಪು 1990ರ ದಶಕದಲ್ಲಿ ಬೆಳವಣಿಗೆಯ ಹಾರ್ಮೋನಿನ ವಂಶವಾಹಿ ಸೇರಿಸಿ ಬೆಳೆಸಿದ ಕೋಹೋ ಸಾಲ್ಮನ್‌ಗಳಲ್ಲಿ ಅತಿವೇಗವಾಗಿ ಬೆಳೆದವುಗಳ ತಲೆ ಮತ್ತು ಕಿವಿರುಮುಚ್ಚಳದ ಮೃದ್ವಸ್ಥಿ ವಿಕಾರವಾಗಿ ಬೆಳೆದಿತ್ತು. ದೇಹದ ಎಲ್ಲ ಮೃದ್ವಸ್ಥಿಯೂ ಹಾರ್ಮೋನಿಗೆ ಒಂದೇ ಸಮನೆ ಓಗೊಡುವುದಿಲ್ಲ ಎಂಬ ಸೂಚನೆ ಇದರಲ್ಲಿದೆ. ತಟ್ಟೆಯಲ್ಲಿಟ್ಟ ಕಿವಿರಿನ ಒಂದು ತುಂಡಿನಿಂದ ಆ ವ್ಯತ್ಯಾಸ ತಿಳಿಯುವಂತಿಲ್ಲ.