ತ್ರಿಕೋನಮಿತಿ ಬೋಧನೆ (ಪ್ರೌಢಶಾಲೆ)

ಲಂಬಕೋನ ತ್ರಿಭುಜದ ಬಾಹುಗಳ ಅನುಪಾತಗಳನ್ನು ಪರಿಚಯಿಸುವ ಗಣಿತ ಬೋಧನೆಯ ಭಾಗ. ಕರ್ನಾಟಕದಲ್ಲಿ ಇದು ಹತ್ತನೆಯ ತರಗತಿಯಲ್ಲಿ, ಸಮರೂಪ ತ್ರಿಭುಜಗಳ ಪಾಠದ ಬಳಿಕ ಬರುತ್ತದೆ. ಈ ಕ್ರಮಕ್ಕೆ ಕಾರಣವಿದೆ: ಒಂದು ಕೋನ 30° ಆಗಿದ್ದರೆ, ಲಂಬಕೋನ ತ್ರಿಭುಜ ಎಷ್ಟೇ ದೊಡ್ಡದಿರಲಿ, ಆ ಕೋನದ ಅಭಿಮುಖ ಬಾಹು ವಿಕರ್ಣದ ಅರ್ಧವೇ. ಹಲವು ಅಳತೆಯ ತ್ರಿಭುಜಗಳನ್ನು ಮಕ್ಕಳೇ ಬರೆದು, ಅಳೆದು, ಭಾಗಿಸಿ ನೋಡಿದಾಗ ‘ಸೈನ್’ ಒಂದು ಅನುಪಾತವೆಂಬುದು ಮನದಟ್ಟಾಗುತ್ತದೆ. ಅದಕ್ಕೂ ಮೊದಲೇ ಬೆಲೆಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸುವ ರೂಢಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಸೈನ್ 30°, ಸೈನ್ 60° ಕೂಡಿಸಿದರೆ ಸೈನ್ 90° ಎಂದು ಬರೆಯುವವರು ಬಹಳ. ಮೊತ್ತ ಸುಮಾರು 1.366, ಸೈನ್ 90° ಮಾತ್ರ 1.

ಅನ್ವಯಕ್ಕೆ ಕೋನಮಾಪಕ, ಸ್ಟ್ರಾ, ದಾರ, ಸಣ್ಣ ಕಲ್ಲು ಸಾಕು. ಇವುಗಳಿಂದ ಉನ್ನತ ಕೋನ ಅಳೆದು, ಬುಡದವರೆಗಿನ ದೂರವನ್ನೂ ಅಳೆದರೆ ಶಾಲೆಯ ಧ್ವಜಸ್ತಂಭದ ಎತ್ತರ ಕಂಡುಹಿಡಿಯಬಹುದು. ಕೊನೆಗೆ ನೋಡುವವರ ಕಣ್ಣಿನ ಎತ್ತರವನ್ನು ಕೂಡಿಸಬೇಕು.