ಕಟಿಂಗ್ ಚಾಯ್ ಹಿಂದಿನ ಜರಡಿ

ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಚಾ ಮಾಡಿದವರು ನನ್ನ ಮಾವ. ನನ್ನ ಕಾಲೇಜಿನ ಫೀಸು ಬಂದದ್ದು ಅವರ ಸಂಬಳದಿಂದ. ಕಳೆದ ವರ್ಷ ಆಫೀಸಿನಲ್ಲಿ ಉಡುಗೊರೆಯಾಗಿ ಸಿಕ್ಕ ಡಾರ್ಜಿಲಿಂಗ್ ಡಬ್ಬಿಯನ್ನು ಅವರಿಗೆ ತೋರಿಸಿ, "ಇದು ಎಲೆ ಚಹಾ ಮಾವ, ನಿಮ್ಮ ಹೋಟೆಲಿನದ್ದು ಬರೀ ಡಸ್ಟ್" ಎಂದೆ. ಅವರು ನಕ್ಕು ಸುಮ್ಮನಾದರು. ಆಮೇಲೆ ಓದುತ್ತ ಹೋದಂತೆ ನನ್ನ ಮಾತಿಗೆ ನಾನೇ ನಾಚಿದೆ.

ಚಹಾದ ಗ್ರೇಡ್ ಎಂಬುದು ಮುಖ್ಯವಾಗಿ ಗಾತ್ರದ ಲೆಕ್ಕ. ಒಣಗಿದ ಚಹಾವನ್ನು ಫ್ಯಾಕ್ಟರಿಯಲ್ಲಿ ಬೇರೆ ಬೇರೆ ಕಣ್ಣಿನ ಜರಡಿಗಳಲ್ಲಿ ಜಾಲಿಸುತ್ತಾರೆ. ಇಡೀ ಎಲೆ ಆರೆಂಜ್ ಪೀಕೋ, ಮುರಿದದ್ದು ಬ್ರೋಕನ್ ಆರೆಂಜ್ ಪೀಕೋ, ಇನ್ನೂ ಸಣ್ಣದು ಫ್ಯಾನಿಂಗ್ಸ್, ಕೊನೆಗೆ ಉಳಿಯುವ ಹುಡಿ ಡಸ್ಟ್. ಇಲ್ಲಿ ಆರೆಂಜ್ ಎಂದರೆ ಕಿತ್ತಳೆಯ ರುಚಿಯಲ್ಲ. ಡಚ್ಚರ ಆರೆಂಜ್ ರಾಜಮನೆತನದಿಂದ ಬಂದ ಹೆಸರೆಂಬುದು ಪ್ರಚಲಿತ ವಿವರಣೆ. ಪೀಕೋ ಚೀನೀ ಮೂಲದ ಪದ. ಎಳೆಕುಡಿಯ ಮೇಲಿನ ಬಿಳಿ ರೋಮವನ್ನು ಹೇಳುತ್ತದೆ. ಒಳ್ಳೆಯ ತೋಟದ ಡಸ್ಟ್, ಕಳಪೆ ತೋಟದ ಎಲೆಗಿಂತ ರುಚಿಯಾಗಿರಬಹುದು. ಅದನ್ನು ತಿಳಿಸುವುದು ಟೇಸ್ಟರನ ನಾಲಿಗೆ, ಜರಡಿಯಲ್ಲ.

ಬ್ರಿಟಿಷರ ಕಾಲದಲ್ಲಿ ಚಹಾ ಬೆಳೆದದ್ದೇ ರಫ್ತಿಗಾಗಿ. 1903ರ ಚಹಾ ಸೆಸ್ ಕಾಯ್ದೆಯಿಂದ ಕೂಡಿದ ಹಣವನ್ನು ಚಹಾದ ಪ್ರಚಾರಕ್ಕೆ ಬಳಸಿದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹೊರಗಿನ ಬೇಡಿಕೆ ಕುಗ್ಗಿದಾಗ ಕಂಪನಿಗಳು ನಮ್ಮ ಜನರ ಕಡೆ ಗಟ್ಟಿಯಾಗಿ ತಿರುಗಿದವು. ಬಡವರ ಕೈಗೆಟಕುತ್ತಿದ್ದದ್ದು ಅಗ್ಗದ ಹುಡಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1930ರಲ್ಲಿ, ಅಸ್ಸಾಮಿನಲ್ಲಿ ವಿಲಿಯಂ ಮೆಕೆರ್ಚರ್ ಸಿಟಿಸಿ ಯಂತ್ರ ರೂಪಿಸಿದ. ಎಲೆಯನ್ನು ಜಜ್ಜಿ, ಹರಿದು, ಸುರುಳಿಸಿ ಕಾಳಾಗಿಸುವ ಯಂತ್ರವದು. ಸ್ವಾತಂತ್ರ್ಯಾನಂತರ ದೇಶದ ಹೆಚ್ಚಿನ ಫ್ಯಾಕ್ಟರಿಗಳು ಅದಕ್ಕೇ ಒಗ್ಗಿದವು.

ಕಣ ಸಣ್ಣದಾದಷ್ಟೂ ನೀರಿಗೆ ತಾಗುವ ಮೈ ಹೆಚ್ಚು. ಬಣ್ಣ, ಕಡುಪು ಬೇಗ ಇಳಿಯುತ್ತವೆ. ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದರೂ ಚಹಾ ಸೋಲುವುದಿಲ್ಲ. ಒಂದು ಕಿಲೋದಿಂದ ಸಿಗುವ ಲೋಟಗಳೂ ಜಾಸ್ತಿ. ಲೋಕಲ್ ಹಿಡಿಯಲು ಓಡುವವನಿಗೆ ಮುಂಬಯಿ ಕೊಟ್ಟ ಅರ್ಧ ಲೋಟದ ಕಟಿಂಗ್ ನಿಂತಿರುವುದು ಈ ಲೆಕ್ಕದ ಮೇಲೆ. ಹಗಲು ಲೋಟ ತೊಳೆದು, ಸಂಜೆ ರಾತ್ರಿಶಾಲೆಗೆ ಹೋದ ನಮ್ಮ ಊರಿನ ಎಷ್ಟೋ ಹುಡುಗರ ಬದುಕೂ ನಿಂತದ್ದು ಅದರ ಮೇಲೆಯೇ.

ಮೊನ್ನೆ ಭಾನುವಾರ ಡೊಂಬಿವಲಿಗೆ ಹೋಗಿ ಮಾವನಿಗೆ ಇದನ್ನೆಲ್ಲ ಹೇಳಿದೆ.

"ಅದು ನಮಗೆ ಗೊತ್ತುಂಟು ಮಾರಾಯ" ಎಂದರು. "ಎಲೆ ಹಾಕಿ ಕೂತರೆ ಬೆಳಿಗ್ಗೆ ಆರು ಗಂಟೆಯ ಗಿರಾಕಿ ಕಾಯ್ತಾನಾ?"